ಬಂದು ಮಾತಾಡಿಸುವವರ ಅನುಕೂಲ

ಸುವರ್ಣಮ್ಮನ ಗರ್ಭಕೋಶವನ್ನು ಎಲ್ಲಿ ತೆಗೆಸಬೇಕೆಂದು ತೀರ್ಮಾನಿಸಲು ಗಂಡ ಗಾದಿಲಿಂಗಪ್ಪ ಮತ್ತು ಅವನ ಅಣ್ಣ ದೊಡ್ಡಬಸಪ್ಪ ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಕೂತಿದ್ದರು. ಗರ್ಭಕೋಶದ ಒಡತಿ ಒಳಗೆ ಚಹಾ ಸೋಸುತ್ತಿದ್ದಳು.

ಬಳ್ಳಾರಿಯ ಡಾಕ್ಟರಮ್ಮ ರಿಪೋರ್ಟು ನೋಡಿ ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು. ಇದು ಕ್ಯಾನ್ಸರ್, ಇನ್ನೂ ಹರಡಿದಂತಿಲ್ಲ, ಆದರೆ ಮೊದಲ ಆಪರೇಶನ್ನೇ ಸರಿಯಾಗಿ ಆಗಬೇಕು, ಇದನ್ನೇ ಮಾಡುವ ಸರ್ಜನ್ ಕೈಯಲ್ಲಿ ಆಗಬೇಕು. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆಂದು ಚೀಟಿಯನ್ನೂ ಬರೆದುಕೊಟ್ಟಿದ್ದರು. ಆ ಚೀಟಿ ಹದಿನೈದು ದಿನದಿಂದ ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಭದ್ರವಾಗಿತ್ತು.

"ಬೆಂಗಳೂರು ಬ್ಯಾಡೋ ಗಾದಿ," ಎಂದ ದೊಡ್ಡಬಸಪ್ಪ. "ಅಲ್ಲೀತನಕ ಮಾತಾಡ್ಸಾಕ ಯಾರು ಬರ್ತಾರ? ಹೊಸಪೇಟಿ ನರ್ಸಿಂಗ್ ಹೋಮ್ ಆದ್ರ ಮೆಟ್ರಿ ಊರಿನ ನೆಂಟ್ರೆಲ್ಲ ಒಂದು ಟೆಂಪೋ ಮಾಡ್ಕೊಂಡು ಬಂದು, ಮಾತಾಡ್ಸಿ, ಹಂಗ ಡ್ಯಾಮ್ ನೋಡ್ಕೊಂಡು ಸಂಜಿಗೆ ಮನಿ ಸೇರ್ತಾರ."

ಮಾತಿನಲ್ಲಿ ನ್ಯಾಯವಿತ್ತು. ಇಪ್ಪತ್ತು ವರ್ಷದಿಂದ ಈ ಮನೆಯವರು ನೆಂಟರ ಅಪೆಂಡಿಕ್ಸು, ಹರ್ನಿಯಾ, ಹೆರಿಗೆಗಳಿಗೆಲ್ಲ ಬ್ರೆಡ್ಡು, ಬಾಳೆಹಣ್ಣು, ಎಳನೀರು ಹೊತ್ತಿದ್ದರು. ಅದೆಲ್ಲ ಮರಳಿ ಬರುವ ಹೊತ್ತಿಗೆ ರೋಗಿ ಯಾರ ಕೈಗೂ ಸಿಗದಷ್ಟು ದೂರ ಹೋಗಿ ಮಲಗುವುದು ಮರ್ಯಾದಸ್ತರ ಲಕ್ಷಣವಲ್ಲ.

"ಹೊಸಪೇಟಿ ಡಾಕ್ಟ್ರು ಕ್ಯಾನ್ಸರ್ ಆಪರೇಶನ್ ಮಾಡ್ತಾರೇನ್ರಿ ಬಾವಾರ?" ಚಹಾ ಕೊಡುತ್ತ ಸುವರ್ಣಮ್ಮ ಕೇಳಿದಳು.

"ಎಲ್ಲಾ ಮಾಡ್ತಾರ! ನಮ್ಮನಿಯಾಕಿದು ಅರ್ಧ ತಾಸಿನ್ಯಾಗ ತಗದು, ತಟ್ಟಿಯೊಳಗ ಇಟ್ಟು ತೋರ್ಸಿದ್ರು."

"ಅಕ್ಕಂದು ಬರೀ ಗಡ್ಡಿ ಇತ್ತಲ್ರಿ, ಕ್ಯಾನ್ಸರ್ ಅಲ್ಲ."

"ಎಲ್ಲಾರ ಗರ್ಭಕೋಶನೂ ಒಂದ ಜಾಗಾದಾಗ ಇರ್ತಾವವ್ವಾ."

ಸುವರ್ಣಮ್ಮ ಗಂಡನ ಕಡೆ ತಿರುಗಿದಳು. "ನಮ್ಮ ರೈಸ್ ಮಿಲ್ಲಿನ್ಯಾಗ ಅಕ್ಕಿ ಆರಿಸೋ ಮಷಿನ್ ಕೆಟ್ಟಾಗ ಕೊಯಮತ್ತೂರಿಂದ ಇಂಜಿನಿಯರ್‌ನ ಯಾಕ ಕರೆಸಿದ್ರಿ? ಹೊಸಪೇಟ್ಯಾಗ ರಿಪೇರಿ ಮಾಡೋರು ಇರ್ಲಿಲ್ಲೇನು?"

ಗಾದಿಲಿಂಗಪ್ಪನಿಗೆ ಕಡೆಗೂ ತನಗೆ ಗೊತ್ತಿರುವ ವಿಷಯ ಸಿಕ್ಕಿತು. "ಏ, ಅದು ಭಾಳ ನಾಜೂಕಿನ ಮಷಿನ್ನು. ಗೊತ್ತಿಲ್ಲದೋರು ಒಮ್ಮೆ ಬಿಚ್ಚಿದ್ರ ಮುಗೀತು, ಆಮ್ಯಾಲ ಯಾರ ಕೈಲೂ ರೆಡಿ ಆಗಂಗಿಲ್ಲ." ಹೇಳಿ, ಚಹಾ ಊದಿಕೊಂಡು ನೆಮ್ಮದಿಯಾಗಿ ಕುಡಿದ.

ಸುವರ್ಣಮ್ಮ ಒಳಗೆ ಹೋಗಿ ಚೀಟಿ ತೆಗೆದುಕೊಂಡು ಬಂದಳು. ಗೋಡೆ ಬದಿಗಿದ್ದ ಕುರ್ಚಿಯನ್ನು ಪಡಸಾಲೆಯ ನಡುವೆ ಎಳೆದಳು. ಇಪ್ಪತ್ತಾರು ವರ್ಷದಲ್ಲಿ ಬಾವನ ಎದುರು ಒಮ್ಮೆಯೂ ಕೂತಿರದ ಹೆಂಗಸು ಅದರಲ್ಲಿ ಕೂತೇಬಿಟ್ಟಳು.

"ಬಾವಾರ, ಮೆಟ್ರಿಗೆ ಫೋನ್ ಹಚ್ರಿ. ಮಾತಾಡ್ಸೋರೆಲ್ಲ ಇವತ್ತ ಬಂದು ಮಾತಾಡ್ಸಿ ಹೋಗ್ಲಿ. ನಾಳೆ ಮುಂಜಾನಿ ಸಂಡೂರಿಂದ ಮಗಳು ಬರ್ತಾಳ. ಇಬ್ರೂ ಬೆಂಗಳೂರಿಗೆ ಹೊಂಟೀವಿ."

ಗಾದಿಲಿಂಗಪ್ಪ ಅಣ್ಣನ ಮುಖ ನೋಡಿದ. ದೊಡ್ಡಬಸಪ್ಪನಿಗೆ ಬೈಯಬೇಕೋ ಏಳಬೇಕೋ ತೋಚಲಿಲ್ಲ. ಎದುರಿಗೆ ರೋಗಿ ಕೂತಿದ್ದಳು. ಎಷ್ಟೋ ಆಸ್ಪತ್ರೆಗಳ ಮಂಚದ ಪಕ್ಕ ನಿಂತು ಪಳಗಿದ ನಾಲಿಗೆ ತಾನಾಗಿಯೇ ಹೊರಳಿತು:

"ಈಗ ಹೆಂಗದೀಯವ್ವಾ?"

ಆ ಹದಿನೈದು ದಿನದಲ್ಲಿ ಆ ಮನೆಯಲ್ಲಿ ಅವಳನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು.