ಮರಳಿನ 'ಅ'

ಮೈದಾ ಅಂಟಿನ ವಾಸನೆ ಬಂದರೆ ಈಗಲೂ ಕಾಪುವಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಮಾತು ಬಾರದ ತಂಗಿಗೆ ಒಂದು ಅಕ್ಷರವಾದರೂ ಬರಲಿ, ಆಮೇಲೆ ಸೇರಿಸಿಕೊಳ್ಳುವುದನ್ನು ನೋಡುವ ಎಂದಿದ್ದರು ಶಾಲೆಯವರು. ಅಮ್ಮ ಮನೆಯಲ್ಲೇ ಕಲಿಸತೊಡಗಿದರು. ಅಂದು ರಟ್ಟಿನ ಮೇಲೆ ಅಂಟಿನಿಂದ ದೊಡ್ಡ 'ಅ' ಬರೆದು, ಕಡಲ ಮರಳು ಉದುರಿಸಿ ಒಣಗಿಸಿ, ಬೆರಳಲ್ಲಿ ತಿದ್ದಲು ಕೊಟ್ಟರು. ತಂಗಿ ಅದನ್ನು ನೆಕ್ಕಿದಳು.

"ಮರಳು ತೊಳೀಲಿಲ್ವಾ ನೀನು? ಉಪ್ಪುಂಟಲ್ಲ ಮಾರಾಯ್ತಿ, ಅವಳಿಗೆ ಉಪ್ಪಿನಕಾಯಿ ಆಯ್ತು," ಎಂದು ಅಜ್ಜಿ ನಕ್ಕರು.

ರಟ್ಟು ಕಿತ್ತುಕೊಳ್ಳಲು ಹೋದ ಅಮ್ಮನ ಕೈ ಅಲ್ಲೇ ನಿಂತಿತು. "ಅತ್ತೆ, ಸುಮ್ಮನಿರಿ. ನಾಲಿಗೆ ಎಲ್ಲಿ ಹೋಗ್ತಾ ಉಂಟು ನೋಡಿ."

ಅದು ಸುರುಳಿಯಿಂದ ಹಿಡಿದು ಕೊನೆಯ ತಿರುವಿನವರೆಗೆ, ಎಲ್ಲೂ ಗೆರೆ ಬಿಡದೆ ಹೋಯಿತು.

ಅವರೆಲ್ಲ ಎದ್ದ ಮೇಲೆ, ನಾಲ್ಕನೇ ಕ್ಲಾಸಿನ ನಾನೂ ಕಣ್ಣು ಮುಚ್ಚಿ ನೆಕ್ಕಿ ನೋಡಿದೆ. ನನ್ನ ನಾಲಿಗೆ ಅರ್ಧದಲ್ಲೇ ದಾರಿ ತಪ್ಪಿತು.