ಎಡಗಡೆಯ ರಾಶಿ

ಚಳಿಗಾಲ ಮುಗಿಯುತ್ತ ಬಂದಿತ್ತು. ಗುರುವಾರ, ಬೆಳಗಿನ ಒಂಬತ್ತರ ಹೊತ್ತು. ಗುಜರಿ ಶೆಡ್ಡಿನ ಬಾಗಿಲಿಗೆ ಗಾಡಿ ಬಂದು, ಸೋಮವಾರ ಸಂಜೆ ಇಲ್ಲಿಂದ ಹೋಗಿದ್ದ ಆರು ಚೀಲ ಪ್ಲಾಸ್ಟಿಕ್ಕನ್ನು ಧೊಪ್ಪನೆ ಇಳಿಸಿ ಹೋಯಿತು.

"ಒಳ್ಳೆ ಮಾಲಿನ ಜೊತೆ ಕೆಟ್ಟದ್ದು ಸೇರಿಬಿಟ್ಟಿದೆಯಂತೆ. ಕರಗಿಸೋಕೆ ಹಾಕಿದ್ರೆ ಎಲ್ಲಾ ಕಪ್ಪಾಗಿ ಕೂತ್ಕೊಂಡ್ತಂತೆ," ಎಂದ ಸಾಹುಕಾರ. "ಏನು ಮೇಸ್ತ್ರಿ, ಮೂಗು ಮನೇಲಿಟ್ಟು ಬಂದಿದ್ರಾ?"

ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಮೂಗಿನ ಮೇಸ್ತ್ರಿ ಎಂದು. ಹಳೇ ಟಿವಿ, ಕಂಪ್ಯೂಟರ್, ಪ್ರಿಂಟರ್ ಯಾವುದೇ ಬರಲಿ, ಅದರ ಮೈಯಿಂದ ಉಗುರಿನಷ್ಟು ಚೂರು ಮುರಿದು, ಲೈಟರ್ ಹಚ್ಚಿ, ಉಫ್ ಎಂದು ಊದಿ, ಏಳುವ ಎಳೆ ಹೊಗೆಯನ್ನು ಮೂಸಿ ನೋಡುವುದು ಅವನ ಕೆಲಸ. ಮೇಣದ ವಾಸನೆ ಬಂದರೆ ಬಲಗಡೆ ರಾಶಿಗೆ. ಗಂಟಲಿಗೆ ಚುಚ್ಚುವ ವಾಸನೆ ಬಂದರೆ ಅದು ಕೆಟ್ಟ ಮಾಲು, ಎಡಗಡೆ ರಾಶಿಗೆ. ಹದಿನಾರು ವರ್ಷದಲ್ಲಿ ಒಂದು ಚೀಲವೂ ವಾಪಸು ಬಂದಿರಲಿಲ್ಲ. ನಾಲ್ಕು ಮಾರು ಆಚೆ ಕೂತು ವೈರು ಸುಲಿಯುತ್ತಿದ್ದ ಅವನ ಹೆಂಡತಿ ಚಾಕು ಕೆಳಗಿಟ್ಟು ಕಿವಿಗೊಟ್ಟಳು. "ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಎಂದು ಸಾಹುಕಾರ ಹೇಳಿದ್ದು ಮೆತ್ತಗೇ. ಅವಳ ಕಿವಿಗೆ ಮಾತ್ರ ಚೀಲ ಬಿದ್ದ ಹಾಗೆ ಕೇಳಿಸಿತು.

ಮಧ್ಯಾಹ್ನ ಶೆಡ್ಡಿನ ಹಿಂದೆ ಬುತ್ತಿ ಬಿಚ್ಚಿದಾಗ ಕೇಳಿದಳು. "ರೀ, ಏನಾಗಿದೆ ನಿಮಗೆ?"

"ನೆಗಡಿ ಕಣೇ."

"ನೆಗಡಿಯಾದವರು ಸೀನ್ತಾರೆ. ನೀವು ಸೀನಿದ್ದು ನಾನಂತೂ ನೋಡಿಲ್ಲ. ಎಲ್ಲಿ, ಕಣ್ಮುಚ್ಚಿ. ಇದೇನು ಹೇಳಿ." ಕೈಯ ಜಿಡ್ಡು ಒರೆಸುವ ಸೀಮೆಎಣ್ಣೆ ಬಟ್ಟೆಯನ್ನು ಅವನ ಮೂಗಿಗೇ ಹಿಡಿದಳು.

ಮೇಸ್ತ್ರಿ ಎದೆಯುಬ್ಬಿಸಿ ಒಮ್ಮೆ ಎಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. "ಸೋಪು," ಎಂದ, ಪರೀಕ್ಷೆಗೆ ಕೂತ ಹುಡುಗನ ಹಾಗೆ.

ಮೂಗು ಹಿಡಿದರೆ ಬಾಯಿ ತಾನಾಗಿ ಬಿಡುತ್ತದೆ ಎಂಬ ಮಾತಿದೆ. ಅವಳು ಎರಡು ಬೆರಳಲ್ಲಿ ಅವನ ಮೂಗು ಹಿಡಿದೇ ಬಿಟ್ಟಳು. "ಎಷ್ಟು ದಿನದಿಂದ ಹೀಗೆ? ಹೇಳ್ತೀರೋ ಇಲ್ವೋ?"

"ಬಿಡೇ, ಉಸಿರು ಕಟ್ತಿದೆ... ಹೋದ ಮಳೆಗಾಲದಿಂದ. ಡಾಕ್ಟರಮ್ಮಂಗೆ ತೋರಿಸ್ದೆ. ಹೊಗೆ ಒಳಗೆಲ್ಲಾ ಸುಟ್ಟುಬಿಟ್ಟಿದೆಯಂತೆ. ವಾಸನೆ ತಿರುಗಿ ಬರೋದು ಅನುಮಾನ ಅಂದ್ರು."

ಅವಳು ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದಳು. ಏಳು. "ಹಾಗಾದ್ರೆ ಇಷ್ಟು ದಿನ ಯಾವ ಮೂಗಲ್ಲಿ ಆರಿಸಿದ್ರಿ?"

ಮೇಸ್ತ್ರಿ ತುತ್ತನ್ನು ತಟ್ಟೆಯಲ್ಲೇ ಉಂಡೆ ಮಾಡುತ್ತ ಕೂತ. ಬಾಯಿಗೆ ಮಾತ್ರ ಹೋಗಲಿಲ್ಲ. ಕೊನೆಗೆ ತಲೆ ಎತ್ತದೆ ಹೇಳಿದ. "ನನ್ನ ಹಿಂದೆ ಫ್ಯಾನ್ ಇದೆಯಲ್ಲ, ಹೊಗೆ ನಿನ್ನ ಕಡೆಗೇ ಬರುತ್ತೆ. ಕೆಟ್ಟ ಮಾಲು ಸುಟ್ಟಾಗೆಲ್ಲಾ ನೀನು ಕೆಮ್ಮುತೀಯ. ನೀನು ಕೆಮ್ಮಿದ್ರೆ ಎಡಕ್ಕೆ ಹಾಕ್ತಿದ್ದೆ. ಇಲ್ಲಾಂದ್ರೆ ಬಲಕ್ಕೆ."

ಅವಳ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಆಮೇಲೆ ನೆನಪಾಯಿತು. ಭಾನುವಾರ ಇವನೇ ಪೇಟೆಗೆ ಹೋಗಿ ಅವಳಿಗೆ ಕೆಮ್ಮಿನ ಔಷಧಿ ತಂದಿದ್ದ. ಸೋಮವಾರ ಇಡೀ ದಿನ ಅವಳು ಒಂದು ಸಲವೂ ಕೆಮ್ಮಿರಲಿಲ್ಲ.

"ನಾನು ಕೆಮ್ಮದಿದ್ರೆ ಮಾಲು ತಪ್ಪುತ್ತೆ ಅಂತ ಗೊತ್ತಿದ್ದೂ ಔಷಧಿ ತಂದ್ರಾ?"

"ಮೊದಮೊದಲು, ನನಗೆ ನೆಗಡಿ ಇದ್ದೀತು, ನಿನ್ನ ಕೆಮ್ಮು ನೋಡಿ ಆರಿಸೋದು ನಾಲ್ಕು ದಿನ ತಾನೇ ಅಂದ್ಕೊಂಡೆ. ಆಮೇಲೆ ಅಭ್ಯಾಸ ಆಗೋಯ್ತು. ಹೋದ ವಾರ ನೀನು ಕೆಮ್ಮಿ ಕೆಮ್ಮಿ ಗೋಡೆ ಹಿಡ್ಕೊಂಡೆ ನೋಡು, ಆಗ್ಲೂ ನನ್ನ ಕೈ ಎಡಕ್ಕೇ ಹೋಯ್ತು ಕಣೇ. ಮೊದಲು ಚೂರು ಎಸೆದೆ. ಆಮೇಲೆ ನಿನಗೆ ನೀರು ತಂದೆ." ಮೇಸ್ತ್ರಿಯ ದನಿ ಒಡೆಯಿತು. "ನಾನೂ ಒಬ್ಬ ಮನುಷ್ಯನಾ? ಅದಕ್ಕೇ ಔಷಧಿ ತಂದೆ."

ಬೈಯಬೇಕೆಂದು ಅವಳು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಶೆಡ್ಡು ಬಿಟ್ಟರೆ ಒಲೆ ಹತ್ತುವುದು ಹೇಗೆ ಎನ್ನುವ ಯೋಚನೆ ಬಂತು. "ಆಯ್ತು, ಅಳಬೇಡಿ. ನಾಳೆಯಿಂದ ಔಷಧಿ ಕುಡಿಯಲ್ಲ. ಮೊದಲಿನ ಹಾಗೇ ಕೂತ್ಕೋತೀನಿ. ಗಂಡನಿಗೋಸ್ಕರ ನಾಲ್ಕು ಕೆಮ್ಮು ಕೆಮ್ಮೋಕಾಗಲ್ವಾ?"

ಮೇಸ್ತ್ರಿ ಕೈ ತೊಳೆದುಕೊಂಡ. ಅವಳ ಚೀಲದೊಳಗಿಂದ ಬಾಟಲಿ ತೆಗೆದು, ಮುಚ್ಚಳದ ಗೆರೆವರೆಗೆ ಒಂದು ಹನಿ ಆಚೀಚೆಯಾಗದಂತೆ ಸುರಿದ. "ಬಾಯಿ ತೆಗಿ."

"ಬೇಡಾಂದ್ರೆ... ಹೊಟ್ಟೆಗೇನು ಮಾಡ್ತೀರಿ?"

"ಕಣ್ಣಿದೆ, ಕೈಕಾಲಿದೆ. ಮೂಗು ಬೇಡದಿರೋ ಕೆಲಸ ಊರಲ್ಲಿ ಒಂದಾದ್ರೂ ಇರಲ್ವಾ? ಇದು ಬರೀ ಕೆಮ್ಮು ನಿಲ್ಲಿಸುತ್ತೆ, ಹೊಗೆ ನಿಲ್ಲಿಸಲ್ಲ ಅಂತ ಔಷಧಿ ಬರ್ಕೊಡುವಾಗ್ಲೇ ಅಂದಿದ್ರು ಡಾಕ್ಟರಮ್ಮ. ಅದಕ್ಕೆ ನಾವೇ ಎದ್ದು ಹೋಗ್ಬೇಕು. ತೆಗಿ ಬಾಯಿ."

ಅವಳು ಮಗುವಿನ ಹಾಗೆ ಬಾಯಿ ತೆರೆದಳು.

ಶನಿವಾರ ಸಂಜೆ ಇಬ್ಬರೂ ಶೆಡ್ಡು ಬಿಟ್ಟರು. ಮೇಸ್ತ್ರಿಯ ಜಾಗದಲ್ಲಿ ಆಗಲೇ ಇನ್ನೊಬ್ಬ ಕೂತು ಅದೇ ಲೈಟರ್ ಹಚ್ಚುತ್ತಿದ್ದ. ಬೆಳಗಿನ ಔಷಧಿಯ ಬಲ ಇಳಿದಿತ್ತು. ಬಾಗಿಲು ದಾಟುವಾಗ ಹೊಗೆಯ ಎಳೆಯೊಂದು ಹಿಂದಿನಿಂದ ಬಂದು ತಾಗಿ, ಅವಳು ಖೊಕ್ ಎಂದು ಕೆಮ್ಮಿದಳು. ಮೇಸ್ತ್ರಿಯ ಕೈ ಅವನನ್ನು ಕೇಳದೆಯೇ ಎಡಕ್ಕೆ ಹೋಯಿತು. ಎಡಗಡೆ ನಡೆಯುತ್ತಿದ್ದವಳು ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ಏನ್ರೀ," ಎಂದಳು, "ನನ್ನೂ ಕೆಟ್ಟ ಮಾಲು ಅಂದ್ಕೊಂಡ್ರಾ?"