ಎರಡನೆಯ ಮುಖ

‘ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ. ಇದು ಮೊದಲ ಎಚ್ಚರಿಕೆ.’

ಲ್ಯಾಪ್‌ಟಾಪಿನ ಮೇಲೆ ಕೆಂಪು ಅಕ್ಷರ ಮೂಡಿದ್ದೇ ಭಾನುಮತಿ ಗಕ್ಕನೆ ಹಿಂತಿರುಗಿದಳು. ಯಾರೂ ಇರಲಿಲ್ಲ. ಎದ್ದು ಬಾಗಿಲು ನೋಡಿದಳು. ಒಳಗಿನಿಂದ ಹಾಕಿದ್ದ ಚಿಲಕ ಹಾಗೇ ಇತ್ತು. ಕಪಾಟಿನ ಹಿಂದೆಯೂ ಇಣುಕಿದಳು. ನಡುಮಧ್ಯಾಹ್ನ, ಕೆಳಗಿನ ಮಾಮಕ್ ಹೋಟೆಲಿನಲ್ಲಿ ಊಟದ ಗದ್ದಲ, ಮೇಲೆ ಈ ಒಳಕೋಣೆಯಲ್ಲಿ ಅವಳೊಬ್ಬಳೇ. ಆದರೂ ಬೆನ್ನಿಗೆ ಯಾರದೋ ನೋಟ ನೆಟ್ಟ ಹಾಗಿತ್ತು. ಇವತ್ತಷ್ಟೇ ಅಲ್ಲ, ಈ ಕೋರ್ಸು ಶುರುವಾದ ದಿನದಿಂದಲೂ.

ಕೋರ್ಸು ವಕೀಲರಿಗೆಂದೇ ಇದ್ದದ್ದು. ವೃತ್ತಿಯ ನೀತಿ, ಜೊತೆಗೆ ಕಕ್ಷಿದಾರರು ನಂಬಿ ಕೊಟ್ಟ ಹಣವನ್ನಿಡುವ ಖಾತೆಯ ಲೆಕ್ಕ. ಎಲ್ಲವೂ ಆನ್‌ಲೈನ್. ಇವತ್ತು ಸಂಜೆಯೊಳಗೆ ಪರೀಕ್ಷೆ ಪಾಸಾಗದಿದ್ದರೆ ವಕೀಲಿಯ ಲೈಸೆನ್ಸ್ ನವೀಕರಣವಾಗದು. ಪರದೇಶದ ಮೆಲಾಕಾ ಪಟ್ಟಣದ ಈ ಪುಟ್ಟ ಕಚೇರಿಗೆ ಬೀಗ ಬೀಳುತ್ತದೆ. ಹಾಗಾದರೆ ಮನೆ ಮಾರಿದ ಹಣವನ್ನೆಲ್ಲ ಇಲ್ಲಿ ನಂಬಿ ಇಟ್ಟಿರುವ ಸರೋಜಿನಿಯಮ್ಮನಿಗೆ ಏನು ಹೇಳುವುದು? ಮುಂದಿನ ವಾರ ಅವರಿಗೆ ಆಪರೇಷನ್ನು, ಹಣ ಬೇಕೇ ಬೇಕು. ಅದೊಂದನ್ನು ಅವರ ಕೈಗೆ ಮುಟ್ಟಿಸಿಬಿಟ್ಟರೆ ಆಮೇಲೆ ಬಾಗಿಲು ಹಾಕಿದರೂ ಸರಿ ಎಂದು ಭಾನುಮತಿ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮೊದಲ ದಿನ ಕ್ಯಾಮೆರಾದ ಎದುರು ಕೂತಾಗ ಅವಳಿಗೆ ಅಳುಕಿತ್ತು. ಹೋದ ವರ್ಷದವರೆಗೆ ಈ ಮುಖ ನೋಡುವ ಕಾಟ ಇರಲಿಲ್ಲ. ದಾಖಲೆಯಲ್ಲಿರುವ ಫೋಟೋಗೂ ತನ್ನ ಮುಖಕ್ಕೂ ತಾಳೆಯಾದೀತೇ? ವಯಸ್ಸು ಯಾರ ಮುಖವನ್ನು ಇದ್ದ ಹಾಗೇ ಬಿಟ್ಟಿದೆ! ಯಂತ್ರ ಸ್ವಲ್ಪ ಹೊತ್ತು ತಡಕಾಡಿ, ‘ಗುರುತು ಸಿಕ್ಕಿತು, ಸ್ವಾಗತ’ ಎಂದಿತು. ಇಷ್ಟು ದುಬಾರಿ ಯಂತ್ರವೂ ಸೋಮಾರಿ ಗುಮಾಸ್ತನ ಹಾಗೆ ನೋಡದೆಯೇ ಸೀಲು ಒತ್ತುತ್ತದಲ್ಲ ಎಂದು ಅವಳಿಗೆ ನಗು ಬಂದಿತ್ತು.

ಈಗ ನಗು ಬರಲಿಲ್ಲ. ಮತ್ತೆ ಕೂತು ಪರೀಕ್ಷೆ ಮುಂದುವರಿಸಿದಳು. ಉತ್ತರಗಳೇನೋ ನೀರು ಕುಡಿದಷ್ಟು ಸುಲಭ. ಇಪ್ಪತ್ತು ವರ್ಷ ಇದೇ ಲೆಕ್ಕದಲ್ಲಿ ಪಳಗಿದ ಕೈ. ಕಕ್ಷಿದಾರರ ಹಣವನ್ನು ಒಂದು ರಾತ್ರಿಯ ಮಟ್ಟಿಗಾದರೂ ಕಚೇರಿಯ ಖರ್ಚಿಗೆ ಬಳಸಬಹುದೇ? ಕೂಡದು. ಅದರ ಬೆನ್ನಿಗೇ ಬಂದ ಪ್ರಶ್ನೆಗೆ ಕೈ ನಿಂತಿತು. ವಕೀಲರು ಇಲ್ಲದಾಗ ಅವರ ಹೆಸರಿನಲ್ಲಿ ಗುಮಾಸ್ತರು ಆ ಖಾತೆ ನಡೆಸಬಹುದೇ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾಲ್ಕು ತಿಂಗಳಿಂದ ಈ ಕಚೇರಿಯಲ್ಲಿ ನಡೆದದ್ದು ಅದೇ. ಒಂದು ಸೆನ್ ಕಾಸು ಕೂಡ ಆಚೀಚೆ ಆಗಿರಲಿಲ್ಲ, ಆದರೂ ತಪ್ಪು ತಪ್ಪೇ. ‘ಕೂಡದು’ ಎಂದೇ ಒತ್ತಿದಳು.

ಒತ್ತಿದ್ದೇ ತಡ, ಕೆಂಪು ಅಕ್ಷರ. ‘ಇನ್ನೊಬ್ಬರು ಇನ್ನೂ ಇದ್ದಾರೆ. ಇದು ಎರಡನೆಯ ಎಚ್ಚರಿಕೆ. ಮೂರನೆಯದಕ್ಕೆ ಪರೀಕ್ಷೆ ರದ್ದು.’

ಭಾನುಮತಿ ಸಹಾಯವಾಣಿಗೆ ಫೋನ್ ಮಾಡಿದಳು. ಸೈಬರ್‌ಜಯಾದ ಕಚೇರಿಯಲ್ಲಿ ಫೋನೆತ್ತಿದ ಹುಡುಗ ಅವಳ ಇಂಗ್ಲಿಷಿನ ಧಾಟಿ ಕೇಳಿದ್ದೇ ಕನ್ನಡಕ್ಕೆ ಬಂದ.

‘ಉಡುಪಿ ಕಡೆಯವರಾ ಮೇಡಂ? ನಾನು ಮೈಸೂರು, ಗುರುದತ್ ಅಂತ. ಏನ್ ಪ್ರಾಬ್ಲಮ್ ಹೇಳಿ.’

‘ಇಲ್ಲಿ ನಾನೊಬ್ಬಳೇ ಇರೂದು ಮಾರಾಯ್ರೆ. ಇದು ಇನ್ನೊಬ್ರಿದ್ದಾರೆ ಅಂತ ಹೇಳ್ತಾ ಉಂಟು.’

‘ರಾವ್, ಎನ್. ಅಲ್ವಾ?’

‘ಹೌದು, ರಾವ್ ಆಫೀಸೇ.’

ಕೀಲಿ ಒತ್ತುವ ಸದ್ದು ಕೇಳಿಸಿತು. ‘ಎರಡು ಮುಖ ಕಾಣ್ತಿದೆ ಮೇಡಂ. ಒಂದು ಪರ್ಫೆಕ್ಟ್ ಮ್ಯಾಚ್. ಮೊದಲ್ನೇ ದಿನದಿಂದ ಒಂಚೂರೂ ಅಲ್ಲಾಡದೆ ಕೂತು ಪಾಠ ಕೇಳಿದ್ದೀರ, ಇಂಥಾ ಸ್ಟೂಡೆಂಟ್ ನಾನು ನೋಡೇ ಇಲ್ಲ! ಇನ್ನೊಂದು ಮುಖ ಯಾರದ್ದೂಂತ ಸಿಸ್ಟಮ್‌ಗೆ ಗೊತ್ತಾಗ್ತಿಲ್ಲ.’

ಪಾಠದ ನಡುವೆ ತಾನು ಕೆಳಗಿಳಿದು ರೋಟಿ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ಬಂದ ಸಂಗತಿಯನ್ನು ಭಾನುಮತಿ ಹೇಳಲು ಹೋಗಲಿಲ್ಲ.

‘ಪಾಠ ನಡೀವಾಗ ಇದು ಯಾಕೆ ಹೇಳ್ಲಿಲ್ಲ?’

‘ಪಾಠಕ್ಕೆ ನೀವಿದ್ರೆ ಸಾಕು. ಪರೀಕ್ಷೆಗೆ ನೀವೊಬ್ರೇ ಇರ್ಬೇಕು. ಹಿಂದೆ ಗೋಡೆ ಮೇಲೆ ಫೋಟೋ ಏನಾದ್ರೂ ಇದ್ಯಾ? ನಮ್ಮೋರ ಮನೆಗಳಲ್ಲಿ ಇದೇ ತೊಂದ್ರೆ. ತೆಗೆದು ಪಕ್ಕಕ್ಕಿಡಿ, ಅಷ್ಟೇ ಲಾ.’

ಫೋಟೋ ಇತ್ತು. ಬೆನ್ನ ಹಿಂದೆಯೇ, ಗಂಧದ ಹಾರ ಹಾಕಿಸಿಕೊಂಡ ಗಂಡ ನರಹರಿ. ಊರು ನೋಡಿ ಬರುತ್ತೇನೆಂದು ಕುಂದಾಪುರಕ್ಕೆ ಹೋದವರು ಅಲ್ಲೇ ಎದೆನೋವಿನಿಂದ ತೀರಿಕೊಂಡಿದ್ದರು. ಕ್ರಿಯೆಗಳೆಲ್ಲ ಅಲ್ಲೇ ಮುಗಿದಿದ್ದವು. ಇಲ್ಲಿ ಯಾರಿಗೂ ತಿಳಿಸಲು ಅವಳಿಗೆ ಬಾಯಿ ಬಂದಿರಲಿಲ್ಲ. ಅವಸರಕ್ಕೆ ಬೇರೆ ಫೋಟೋ ಸಿಗದೆ, ಯಾವುದೋ ಅರ್ಜಿಗೆಂದು ತೆಗೆಸಿದ್ದ ಪಾಸ್‌ಪೋರ್ಟ್ ಅಳತೆಯದನ್ನೇ ದೊಡ್ಡದು ಮಾಡಿಸಿ, ಹೊರಗಿನವರು ಕಾಲಿಡದ ಈ ಕೋಣೆಯಲ್ಲಿ ತೂಗುಹಾಕಿದ್ದಳು.

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಈ ಗೋಡೆಗೆ ಕಣ್ಣೂ ಇತ್ತು. ಇಷ್ಟು ದಿನ ಬೆನ್ನಿಗೆ ಚುಚ್ಚಿದ ನೋಟ ಯಾರದೆಂದು ತಿಳಿದದ್ದೇ ಹೆದರಿಕೆ ಇಳಿಯಿತು, ಅದರ ಜಾಗಕ್ಕೆ ದುಃಖ ಒತ್ತರಿಸಿಕೊಂಡು ಬಂತು. ಬದುಕಿದ್ದಾಗ ಒಂದು ಸಣ್ಣ ಸುಳ್ಳನ್ನೂ ಸಹಿಸದ ಮನುಷ್ಯ.

‘ಐದೇ ನಿಮಿಷ ಮಾರಾಯ್ರೆ, ಬೇಜಾರ ಮಾಡ್ಬೇಡಿ’ ಎಂದು ಅವಳು ಫೋಟೋ ಇಳಿಸಿ, ಮುಖವನ್ನು ಗೋಡೆಯ ಕಡೆಗೆ ಮಾಡಿ ನೆಲದ ಮೇಲಿಟ್ಟಳು. ಕಣ್ಣೊರೆಸಿಕೊಂಡು ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಉಳಿದದ್ದು ಒಂದೇ ಪ್ರಶ್ನೆ. ಕ್ಯಾಮೆರಾದ ಪುಟ್ಟ ದೀಪ ಮಿಣುಕಿತು, ಯಂತ್ರ ಮತ್ತೊಮ್ಮೆ ಕೋಣೆಯನ್ನೆಲ್ಲ ತಡಕಾಡಿತು.

‘ವಕೀಲ ನರಹರಿ ರಾವ್ ಅವರು ಎದ್ದು ಹೋಗಿದ್ದಾರೆ. ದಯವಿಟ್ಟು ಅವರನ್ನು ವಾಪಸ್ ಕರೆಯಿರಿ.’